ಇಟ್ಟಂಗಿ, ಉಸುಕು, ಒಂದು ಕೊಡ ನೀರು: ಹಳ್ಳಿಗೆ ಅಗ್ಗದ ಸಾಧನ ಮಾಡೋದು ಹೇಗೆ

ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಕಲಬುರಗಿ ಕಡೆಯ ಯಾವುದಾದರೂ ಸಂತೆಗೆ ಹೋಗಿ ನಿಂತು ನೋಡಿ. ಬಿಸಿಲು 42, 43 ಡಿಗ್ರಿ ಇರುತ್ತದೆ. ಬೆಳಿಗ್ಗೆ ಹತ್ತು ರೂಪಾಯಿಗೆ ಒಂದು ಸೂಡು (ಕಟ್ಟು) ಮಾರಿದ ಮೆಂತ್ಯ ಪಲ್ಯವನ್ನು (ನಮ್ಮ ಕಡೆ ಹಸಿ ಸೊಪ್ಪಿಗೇ ಪಲ್ಯ ಅನ್ನುತ್ತೇವೆ) ಅದೇ ಹೆಣ್ಣುಮಗಳು ಈಗ ಹತ್ತಕ್ಕೆ ಮೂರು ಅಂತ ಕೂಗುತ್ತಿರುತ್ತಾರೆ. ಸಂಜೆಗೆ ಉಳಿದದ್ದು ಎಮ್ಮೆಗೆ. ಪಲ್ಯ ಕೊಳೆತಿರುವುದಿಲ್ಲ, ಹುಳ ಬಿದ್ದಿರುವುದಿಲ್ಲ, ಬರೀ ಬಾಡಿರುತ್ತದೆ. ಅಷ್ಟಕ್ಕೇ ಒಂದು ದಿನದ ದುಡಿಮೆ ಹೀಗೆ ಗಾಳಿಗೆ ಹೋಗೋದನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ.

ಈ ಬಾಡೋದನ್ನು ತಡೆಯಲು ಫ್ರಿಜ್ ಬೇಡ, ಕರೆಂಟೂ ಬೇಡ. ಎರಡು ಸಾಲು ಇಟ್ಟಂಗಿ ಗೋಡೆ, ನಡುವೆ ಹಸಿ ಉಸುಕು, ಮೇಲೊಂದು ಹಸಿ ಗೋಣಿತಟ್ಟು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಂಥ ಗೂಡನ್ನು 1980ರ ದಶಕದ ಶುರುವಿನಲ್ಲೇ ಕಟ್ಟಿ ತೋರಿಸಿದ್ದಾರೆ. ಅಂದರೆ ನಲವತ್ತು ವರ್ಷ ಹಳೆಯ ವಿಷಯ. ಹಾಗಾದರೆ ನಾನು ಓಡಾಡಿದ ಹಳ್ಳಿಗಳಲ್ಲಿ ಒಂದೂ ಯಾಕೆ ಕಾಣಲಿಲ್ಲ? ಈ ಪ್ರಶ್ನೆ ಹಿಡಿದುಕೊಂಡು ನಾನು ಮತ್ತು ಇಬ್ಬರು ಗೆಳೆಯರು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರು ಬೇಸಿಗೆ ಕೆಲಸ ಮಾಡಿದೆವು. ಮೂರು ಸಲ ಕಟ್ಟಿದೆವು, ಎರಡು ಸಲ ಬಿಚ್ಚಿದೆವು. ಆ ಮೂರು ಬೇಸಿಗೆಯಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಂಪು ಗೂಡು ಕಟ್ಟುವವರಿಗೂ ಇದು ಉಪಯೋಗ, ಹಳ್ಳಿಗೆ ಅಂತ ಬೇರೆ ಏನಾದರೂ ಸಾಧನ ಮಾಡಬೇಕು ಅಂದುಕೊಂಡಿರುವ ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೂ ಉಪಯೋಗ.

ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯ ಸಾಧನ ಅಗ್ಗವೋ ದುಬಾರಿಯೋ ಅಂತ ಗೊತ್ತಾಗೋದು ಅದು ಕೆಟ್ಟ ದಿನ. ಅವತ್ತು ಊರಿನದೇ ಕೈ, ಊರಲ್ಲೇ ಸಿಗುವ ಸಾಮಾನಿನಿಂದ ಅದನ್ನು ಸರಿ ಮಾಡಲು ಆಗಬೇಕು. ಆಗದಿದ್ದರೆ ಪುಕ್ಕಟೆ ಕೊಟ್ಟರೂ ಅದು ದುಬಾರಿಯೇ.

ಮೊದಲು ಸುಮ್ನೆ ಕೂತು ನೋಡಿ

ಕಾಗದ ಪೆನ್ಸಿಲ್ ತೆಗೆಯೋ ಮೊದಲು ಯಾರಿಗಾಗಿ ಮಾಡುತ್ತೀರೋ ಅವರ ಜೊತೆ ಒಂದು ಪೂರ್ತಿ ದಿನ ಇರಿ. ಬೆಳಗಿನ ಜಾವ ನಾಲ್ಕಕ್ಕೆ ಶುರು ಮಾಡಿ, ರಾತ್ರಿ ಮಲಗುವವರೆಗೆ. ಯಾರು ಭಾರ ಎತ್ತುತ್ತಾರೆ, ಎಲ್ಲಿ ಬಗ್ಗುತ್ತಾರೆ, ನೀರು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ, ಮನೆಯಲ್ಲಿ ಯಾವ ಹೊತ್ತಿನಲ್ಲಿ ಯಾರೂ ಇರುವುದಿಲ್ಲ, ಎಲ್ಲ ಬರೆದುಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ಶುರು ಮಾಡಿದ ಅಸ್ತ್ರ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರ ಹಳ್ಳಿಯಲ್ಲೇ ಒಂದು ಕೇಂದ್ರ ಮಾಡಿಕೊಂಡು ಕೆಲಸ ಮಾಡಿದರು. ಆಮೇಲೆ ರಾಜ್ಯದ ತುಂಬಾ ಹೆಸರಾದ, ಕಡಿಮೆ ಕಟ್ಟಿಗೆ ಸುಡುವ ಅಸ್ತ್ರ ಒಲೆ ಅವರದೇ. ಒಲೆಯ ಮುಂದೆ ದಿನಾ ಕೂರುವವರನ್ನು ನೋಡದೆ ಒಲೆ ಮಾಡಲು ಆಗಲ್ಲ, ಅಲ್ವಾ?

ಕೇಳುವ ರೀತಿಯಲ್ಲೂ ಒಂದು ಎಚ್ಚರ ಬೇಕು. "ಇಂಥದ್ದು ಮಾಡಿಕೊಟ್ಟರೆ ಬೇಕಾ?" ಅಂತ ಮಾತ್ರ ಕೇಳಬೇಡಿ. ನಮ್ಮ ಕಡೆ ಜನ ಮನೆಗೆ ಬಂದವರಿಗೆ ಇಲ್ಲ ಅನ್ನಲ್ಲ. "ಹೌದ್ರಿ, ಭಾಳ ಛಲೋ ಆಗ್ತದ್ರಿ" ಅಂದು ಚಹಾ ಕೊಟ್ಟು ಕಳಿಸುತ್ತಾರೆ. ಮೊದಲ ವರ್ಷ ನಾವು ಆ ಮಾತನ್ನೇ ನಂಬಿ ಮುಂದೆ ಹೋದೆವು. ಅದರ ಬದಲು ನಡೆದು ಹೋದದ್ದನ್ನು ಕೇಳಿ. ನಿನ್ನೆ ಎಷ್ಟು ಸೂಡು ಕಿತ್ತಿರಿ? ಎಷ್ಟು ಉಳಿಯಿತು? ಉಳಿದದ್ದನ್ನು ಏನು ಮಾಡಿದಿರಿ? ಹೋದ ವಾರ? ನಿನ್ನೆಯ ಲೆಕ್ಕ ಕೇಳಿದರೆ ನಿಜ ಬರುತ್ತದೆ.

ಹಾಗೆ ನೋಡಿದ್ದರಿಂದ ನಮ್ಮ ಒಂದು ದೊಡ್ಡ ತಪ್ಪು ತಿಳುವಳಿಕೆ ಹೋಯಿತು. ಪಲ್ಯ ಸಂತೆಯಲ್ಲಿ ಬಾಡುತ್ತದೆ ಅಂತ ನಾವು ಅಂದುಕೊಂಡಿದ್ದೆವು. ನಾವು ಜೊತೆಗಿದ್ದ ಅಕ್ಕ ಪಲ್ಯ ಕೀಳೋದು ಹಿಂದಿನ ದಿನ ಸಂಜೆ, ಯಾಕಂದರೆ ಟಂಟಂ ಆಟೋ ಬೆಳಿಗ್ಗೆ ಐದಕ್ಕೇ ಹೊರಡುತ್ತದೆ. ರಾತ್ರಿಯೆಲ್ಲ ಅದು ತಗಡಿನ ಮನೆಯೊಳಗೆ ಬುಟ್ಟಿಯಲ್ಲಿರುತ್ತದೆ. ಮನೆಯೊಳಗಿನ ಸೆಕೆ ಮಧ್ಯರಾತ್ರಿ ಆದರೂ ಆರಿರುವುದಿಲ್ಲ. ಅಂದರೆ ಸಂತೆಗೆ ಹೋಗೋ ಮೊದಲೇ ಅರ್ಧ ಜೀವ ಹೋಗಿರುತ್ತದೆ. ಗೂಡು ಬೇಕಾಗಿದ್ದು ಅವರ ಅಂಗಳದಲ್ಲಿ. ಇದು ಗೊತ್ತಾಗದೆ ಹೋಗಿದ್ದರೆ ಸಂತೆಯ ಕಟ್ಟೆಯ ಮೇಲೆ ಏನೋ ಒಂದು ಕಟ್ಟಿ, ಉದ್ಘಾಟನೆ ಮಾಡಿ, ಫೋಟೋ ತೆಗೆದುಕೊಂಡು ಬರುತ್ತಿದ್ದೆವು.

ಹಸಿ ಬಟ್ಟೆಯ ಪರೀಕ್ಷೆ

ಒಂದು ಇಟ್ಟಂಗಿಯನ್ನೂ ಕೊಳ್ಳುವ ಮುಂಚೆ ಇದು ನಿಮ್ಮ ಊರಿನಲ್ಲಿ ಕೆಲಸ ಮಾಡುತ್ತದೋ ಇಲ್ಲವೋ ನೋಡಿಕೊಳ್ಳಬಹುದು. ಕೆಲಸ ಮಾಡುವ ರೀತಿ ಮನೆಯ ಗಡಿಗೆಯದೇ. ಮಣ್ಣಿನ ಗಡಿಗೆಯ ಹೊರಮೈ ಮೇಲೆ ನೀರು ಜಿನುಗಿ ಆವಿಯಾಗುತ್ತದೆ, ಆವಿಯಾಗುವಾಗ ಒಳಗಿನ ಬಿಸಿ ಎಳೆದುಕೊಳ್ಳುತ್ತದೆ, ನೀರು ತಣ್ಣಗಾಗುತ್ತದೆ. ಗಾಳಿ ಒಣಗಿದಷ್ಟೂ ಆವಿ ಜಾಸ್ತಿ, ತಂಪು ಜಾಸ್ತಿ.

ಎರಡು ಸಾದಾ ಥರ್ಮಾಮೀಟರ್ ತನ್ನಿ, ಗೋಡೆಗೆ ನೇತುಹಾಕುವ ಗಾಜಿನದು ಸಾಕು. ಒಂದರ ಬುಡಕ್ಕೆ ಹತ್ತಿಬಟ್ಟೆ ಸುತ್ತಿ ನೀರಿನಲ್ಲಿ ತೋಯಿಸಿ. ಎರಡನ್ನೂ ಗಾಳಿ ಆಡುವ ನೆರಳಲ್ಲಿ ತೂಗುಹಾಕಿ, ಕಾಲು ತಾಸು ಬಿಟ್ಟು ನೋಡಿ. ಹಸಿ ಥರ್ಮಾಮೀಟರ್ ಎಷ್ಟು ತೋರಿಸುತ್ತದೋ ಅದಕ್ಕಿಂತ ಕೆಳಗೆ ನಿಮ್ಮ ಗೂಡು ಎಂದೂ ಇಳಿಯಲ್ಲ. ಅದು ಕೊನೆಯ ಮೆಟ್ಟಿಲು. 40 ಡಿಗ್ರಿ ಬಿಸಿಲಿದ್ದು ಗಾಳಿಯಲ್ಲಿ ತೇವ 20 ಪರ್ಸೆಂಟ್ ಇದ್ದರೆ ಹಸಿ ಥರ್ಮಾಮೀಟರ್ 22, 23ರ ಹತ್ತಿರ ಬರುತ್ತದೆ. ನಮ್ಮ ಮಾರ್ಚ್, ಏಪ್ರಿಲ್, ಮೇ ಹೀಗೇ ಇರುತ್ತವೆ. ಅದೇ ಮಳೆಗಾಲದಲ್ಲಿ 30 ಡಿಗ್ರಿ, ತೇವ 80 ಪರ್ಸೆಂಟ್ ಅಂದರೆ ಹಸಿ ಥರ್ಮಾಮೀಟರ್ 27 ತೋರಿಸುತ್ತದೆ. ಬರೀ ಮೂರು ಡಿಗ್ರಿ ವ್ಯತ್ಯಾಸ. ಅದಕ್ಕಾಗಿ ಯಾರೂ ಗೂಡು ಕಟ್ಟಬೇಕಾಗಿಲ್ಲ. ಕರಾವಳಿಯಲ್ಲಿ ಸೋಲುವ ಈ ಸಾಧನ ಯಾದಗಿರಿ, ಕಲಬುರಗಿ, ಬೀದರ್‌ಗೆ ಹೇಳಿ ಮಾಡಿಸಿದ ಹಾಗಿದೆ. ನಮ್ಮನ್ನು ಸುಡುವ ಒಣ ಬಿಸಿಲೇ ಇದನ್ನು ನಡೆಸುವ ಇಂಜಿನ್.

ಶಹಾಬಾದ್ ಕಲ್ಲಿನ ಪಾಠ

ಮೊದಲ ಸಲ ನಾವು ಗೋಡೆ ಕಟ್ಟಿದ್ದು ಶಹಾಬಾದ್ ಕಲ್ಲಿನಿಂದ. ಆ ಕಡೆ ಮನೆಯ ನೆಲ, ಗೋಡೆ, ಮಾಡು, ಹೊಲದ ಬದು, ಎಲ್ಲ ಅದೇ ಕಲ್ಲು. ಒಡೆದ ಫರ್ಸಿ (ಹಾಸುಗಲ್ಲು) ತುಂಡು ಪುಕ್ಕಟೆ ಸಿಗುತ್ತದೆ. ಸ್ಥಳೀಯ ಸಾಮಾನು ಬಳಸಿ ಅಂತ ಎಲ್ಲರೂ ಹೇಳುತ್ತಾರಲ್ಲ, ಹಾಗೆ ಮಾಡಿದೆವು. ಉಸುಕಿಗೆ ನೀರು ಹಾಕಿದೆವು. ಎರಡು ದಿನ ಆದರೂ ಒಳಗೆ ತಂಪಾಗಲಿಲ್ಲ. ಹೊರಗಿನ ಕಲ್ಲು ಮುಟ್ಟಿದರೆ ಒಣಗಿತ್ತು, ಸುಡುತ್ತಿತ್ತು.

ಕಾರಣ ಸರಳ. ಶಹಾಬಾದ್ ಕಲ್ಲು ಗಟ್ಟಿ ಸುಣ್ಣದ ಕಲ್ಲು, ನೀರನ್ನು ತನ್ನೊಳಗೆ ಬಿಟ್ಟುಕೊಳ್ಳುವುದಿಲ್ಲ. ನೀರು ಹೊರಮೈಗೆ ಬರದಿದ್ದರೆ ಆವಿ ಇಲ್ಲ, ಆವಿ ಇಲ್ಲದಿದ್ದರೆ ತಂಪಿಲ್ಲ. ಭಟ್ಟಿಯಲ್ಲಿ ಸುಟ್ಟ ಕೆಂಪು ಇಟ್ಟಂಗಿ ಬೇಕು, ಅದೂ ತೀರಾ ಕರಕಲಾಗಿ ಸುಟ್ಟದ್ದು ಬೇಡ. ಪರೀಕ್ಷೆ ಹೀಗೆ ಮಾಡಿ: ಒಣ ಇಟ್ಟಂಗಿಯ ಮೇಲೆ ಒಂದು ಚಮಚ ನೀರು ಹಾಕಿ. ನೋಡನೋಡುತ್ತಲೇ ಹೀರಿಕೊಂಡರೆ ತೆಗೆದುಕೊಳ್ಳಿ, ಮೇಲೇ ನಿಂತರೆ ಬಿಡಿ. ಸಿಮೆಂಟ್ ಇಟ್ಟಂಗಿ ಬೇಡ.

ಆ ಕಲ್ಲನ್ನು ನಾವು ಎಸೆಯಲಿಲ್ಲ. ಗೂಡಿನ ತಳಕ್ಕೆ ಹಾಸಿದೆವು. ಇಲಿ ಕೊರೆಯಲ್ಲ, ಗೆದ್ದಲು ಹತ್ತಲ್ಲ, ಕೆಳಗಿನ ಮಣ್ಣಿಗೆ ನೀರು ಇಳಿಯಲ್ಲ. ಗೋಡೆಗೆ ಬೇಡವಾದ ಅದರ ಗುಣವೇ ನೆಲಕ್ಕೆ ಬೇಕಾಗಿತ್ತು. ಸ್ಥಳೀಯ ಸಾಮಾನು ಬಳಸಿ, ಖಂಡಿತ ಬಳಸಿ. ಆದರೆ ಸಾಧನದ ಒಂದೊಂದು ಭಾಗ ಏನು ಕೆಲಸ ಮಾಡಬೇಕು ಅಂತ ಬರೆದುಕೊಂಡು, ಆ ಕೆಲಸಕ್ಕೆ ಆ ಸಾಮಾನು ಒಗ್ಗುತ್ತದೋ ಅಂತ ನೋಡಿ.

ಕ್ರೇಟಿನಿಂದ ಅಳತೆ ಶುರು ಮಾಡಿ

ದೆಹಲಿಯ ಮೂಲ ಗೂಡು 165 ಸೆಂಟಿಮೀಟರ್ ಉದ್ದ, 115 ಅಗಲ, 67.5 ಎತ್ತರ. ಸುಮಾರು 100 ಕಿಲೋ ಮಾಲು ಹಿಡಿಯುತ್ತದೆ, ಇಟ್ಟಂಗಿ ಸುಮಾರು 400 ಬೇಕು. ದೊಡ್ಡ ತೋಟದವರಿಗೆ ಅದು ಸರಿ. ನಮ್ಮ ಅಕ್ಕ ದಿನಕ್ಕೆ ಮಾರುವುದು ಇಪ್ಪತ್ತು, ಇಪ್ಪತ್ತೈದು ಕಿಲೋ. ಅವರ ಅಂಗಳದಲ್ಲಿ ಅಷ್ಟು ಜಾಗವೂ ಇಲ್ಲ. ಹೊರಗಿನಿಂದ ಒಳಗೆ ಅಳತೆ ಹಾಕೋದು ಬಿಟ್ಟು ನಾವು ಒಳಗಿನಿಂದ ಹೊರಗೆ ಹಾಕಿದೆವು.

ಅವರ ಹತ್ತಿರ ಇದ್ದದ್ದು ಸಂತೆಯ ಸಾಮಾನ್ಯ ಪ್ಲಾಸ್ಟಿಕ್ ಕ್ರೇಟ್, 54 ಸೆಂಟಿಮೀಟರ್ ಉದ್ದ, 36 ಅಗಲ, 29 ಎತ್ತರ. ಹಿಡಿದ ಕೈ ಬೆರಳು ಸಮೇತ ಅದು ಗೂಡಿನೊಳಗೆ ಇಳಿಯಬೇಕು, ಮೇಲೆ ಬರಬೇಕು. ಆದ್ದರಿಂದ ಒಳಗೆ ಖಾಲಿ ಜಾಗ 71ಕ್ಕೆ 41. ಅದರ ಸುತ್ತ 11 ಸೆಂಟಿಮೀಟರ್ ದಪ್ಪದ ಇಟ್ಟಂಗಿ ಗೋಡೆ, ಆಮೇಲೆ ಉಸುಕಿಗೆ 7.5 ಸೆಂಟಿಮೀಟರ್ ಸಂದು, ಆಮೇಲೆ ಹೊರಗಿನ ಗೋಡೆ. ಹೊರ ಅಳತೆ 130ಕ್ಕೆ 100 ಬರುತ್ತದೆ. ಎತ್ತರ ಆರು ವರಸೆ (ಸಾಲು) ಇಟ್ಟಂಗಿ, ಅಂದರೆ 45 ಸೆಂಟಿಮೀಟರ್. ಕ್ರೇಟಿನ ಮೇಲೆ ಒಂದು ಸಣ್ಣ ಬುಟ್ಟಿ ಇಡುವಷ್ಟು ಜಾಗ ಉಳಿಯುತ್ತದೆ. ತಳದ ಒಂದು ಹಾಸು ಸೇರಿ ಸುಮಾರು 240 ಇಟ್ಟಂಗಿ, ಏಳೆಂಟು ಬುಟ್ಟಿ ಉಸುಕು. ಇಟ್ಟಂಗಿ ಅಳತೆ ಭಟ್ಟಿಯಿಂದ ಭಟ್ಟಿಗೆ ಬೇರೆ ಇರುತ್ತದೆ, ನಿಮ್ಮ ಊರಿನದನ್ನು ಅಳೆದು ಲೆಕ್ಕ ಹಾಕಿ.

ಇನ್ನೊಂದು ಅಳತೆ ಇದೆ, ಅದನ್ನು ಯಾರೂ ಬರೆಯುವುದಿಲ್ಲ. ಅದು ಬೆನ್ನಿನದು. ಎರಡನೇ ಗೂಡನ್ನು ನಾವು ನೆಲಕ್ಕೇ ಕಟ್ಟಿದ್ದೆವು. ಐವತ್ತು ದಾಟಿದ ಹೆಣ್ಣುಮಗಳು ಹದಿನೈದು ಕಿಲೋ ಕ್ರೇಟನ್ನು ನೆಲದ ಗುಂಡಿಯಿಂದ ಎತ್ತಬೇಕಾಗಿತ್ತು. ಒಂದು ವಾರದಲ್ಲಿ ಅವರು ಕ್ರೇಟ್ ಇಡೋದು ಬಿಟ್ಟು, ಸೂಡುಗಳನ್ನು ಮಾತ್ರ ಒಂದೊಂದಾಗಿ ಇಡತೊಡಗಿದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ, ನಾವು ನೋಡಿ ತಿಳಿದುಕೊಂಡದ್ದು. ಮೂರನೇ ಸಲ ಒಂದು ಅಡಿ ಎತ್ತರದ ಕಟ್ಟೆ ಕಟ್ಟಿ ಅದರ ಮೇಲೆ ಗೂಡು ಮಾಡಿದೆವು. ಬಳಸುವವರು ನಿಮ್ಮ ಸಾಧನವನ್ನು ಬೇರೆ ರೀತಿ ಬಳಸತೊಡಗಿದರೆ ಅವರನ್ನು ತಿದ್ದಲು ಹೋಗಬೇಡಿ, ಸಾಧನ ತಿದ್ದಿ.

ಕಟ್ಟುವ ಕ್ರಮ

ಜಾಗ ಮೊದಲು. ನೆರಳು ಬೇಕು, ಗಾಳಿಯೂ ಬೇಕು. ಬೇವಿನ ಮರದ ಕೆಳಗೆ ಆದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ನಾಲ್ಕು ಗೂಟ ನೆಟ್ಟು ಜೋಳದ ಕಣಿಕೆಯ ಚಪ್ಪರ ಹಾಕಿ. ಮನೆಯೊಳಗೆ ಕಟ್ಟಬೇಡಿ, ಆವಿ ಹೊರಗೆ ಹೋಗಲು ದಾರಿ ಇರಲ್ಲ.

ನಮ್ಮದು ಕರಿ ಭೂಮಿ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ನೇರವಾಗಿ ಕಟ್ಟಿದರೆ ಒಂದೇ ವರ್ಷದಲ್ಲಿ ಗೋಡೆ ಸೀಳುತ್ತದೆ. ಒಂದು ಗೇಣು ಅಗೆದು ಕರಿ ಮಣ್ಣು ತೆಗೆದು ಗರಸು (ಜಲ್ಲಿಯಂಥ ಗಟ್ಟಿ ಮಣ್ಣು) ತುಂಬಿ, ನೀರು ಹಾಕಿ ಚೆನ್ನಾಗಿ ಬಡಿಯಿರಿ. ಮೇಲೆ ಕಲ್ಲು, ಗರಸಿನಿಂದ ಒಂದು ಅಡಿ ಕಟ್ಟೆ, ಅದರ ಮೇಲೆ ಫರ್ಸಿ. ಫರ್ಸಿಗೆ ಒಂದು ಮೂಲೆಯ ಕಡೆ ಸ್ವಲ್ಪ ಇಳಿಜಾರು ಇರಲಿ. ಹೆಚ್ಚಾದ ನೀರು ಅಲ್ಲಿಂದ ಇಳಿಯುತ್ತದೆ, ಅಲ್ಲೊಂದು ಕರಿಬೇವು ನೆಟ್ಟರೆ ಆಯಿತು.

ಇಟ್ಟಂಗಿಗಳನ್ನು ಹಿಂದಿನ ರಾತ್ರಿ ನೆನೆಸಿಡಿ. ಫರ್ಸಿಯ ಮೇಲೆ ಒಂದು ಹಾಸು ಇಟ್ಟಂಗಿ. ಆಮೇಲೆ ಎರಡೂ ಗೋಡೆ ಒಟ್ಟೊಟ್ಟಿಗೆ ಏಳಲಿ. ಸಿಮೆಂಟ್ ಹಾಕಬೇಡಿ, ಕೆಂಪು ಮಣ್ಣಿನ ರಾಡಿ ಸಾಕು. ಸಿಮೆಂಟ್ ಸಂದುಗಳನ್ನು ಮುಚ್ಚಿಬಿಡುತ್ತದೆ, ಅದಕ್ಕಿಂತ ಹೆಚ್ಚಾಗಿ ಮುಂದೆ ಒಂದು ಇಟ್ಟಂಗಿ ಬದಲಿಸಬೇಕಾದರೆ ಗೋಡೆಯನ್ನೇ ಒಡೆಯಬೇಕಾಗುತ್ತದೆ. ಕರಿ ಮಣ್ಣಿನ ರಾಡಿಯೂ ಬೇಡ, ಒಣಗಿದರೆ ಬಿರಿಯುತ್ತದೆ. ನಮ್ಮ ಗೌಂಡಿ ಕಾಕಾ ಒಂದು ಒಳ್ಳೆಯ ಉಪಾಯ ಮಾಡಿದರು: 7.5 ಸೆಂಟಿಮೀಟರ್ ದಪ್ಪದ ಒಂದು ಕಟ್ಟಿಗೆ ತುಂಡನ್ನು ಎರಡು ಗೋಡೆಯ ನಡುವೆ ಸರಿಸುತ್ತಾ ಕಟ್ಟಿದರು. ಅಳತೆ ಪಟ್ಟಿಯೇ ಬೇಕಾಗಲಿಲ್ಲ. ಆ ತುಂಡನ್ನು ಅಕ್ಕನ ಮನೆಯಲ್ಲೇ ಬಿಟ್ಟು ಬಂದೆವು, ಮುಂದೆ ಊರಲ್ಲಿ ಯಾರೇ ಕಟ್ಟಿದರೂ ಅದೇ ಅಳತೆ.

ಉಸುಕನ್ನು ಜಾಲಿಸಿ, ತೊಳೆದು, ಮೂರು ವರಸೆ ಎದ್ದಾಗ ಒಮ್ಮೆ, ಪೂರ್ತಿ ಆದಾಗ ಒಮ್ಮೆ ತುಂಬಿ. ಮುಚ್ಚಳಕ್ಕೆ ತೊಗರಿ ಕಟ್ಟಿಗೆಯ ಚೌಕಟ್ಟು ಕಟ್ಟಿ ಎರಡು ಪದರ ಗೋಣಿತಟ್ಟು ಹೊಲಿಯಿರಿ. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ ಇರಬೇಕು, ಇನ್ನೊಂದು ಕೈಯಲ್ಲಿ ಬುಟ್ಟಿ ಇರುತ್ತದೆ. ತೊಗರಿ ಕಟ್ಟಿಗೆಗೆ ನಮ್ಮಲ್ಲಿ ಬರವೇ ಇಲ್ಲ.

ಮೊದಲ ದಿನ ಅದು ಏಳೆಂಟು ಕೊಡ ನೀರು ಕುಡಿಯುತ್ತದೆ, ಗಾಬರಿ ಆಗಬೇಡಿ. ಹೊರಗಿನ ಇಟ್ಟಂಗಿ ಪೂರ್ತಿ ಕಪ್ಪಗೆ ತೋಯುವವರೆಗೆ ಕಾಯಿರಿ. ಮಾಲು ಇಡೋದು ಮರುದಿನದಿಂದ.

ನೀರು ಯಾರು ಹಾಕಬೇಕು

ಎರಡನೇ ಗೂಡು ಕಟ್ಟಿದ ದಿನ ಅಕ್ಕ ಸುತ್ತಲೂ ಒಮ್ಮೆ ನೋಡಿ ಒಂದೇ ಮಾತು ಕೇಳಿದರು: "ತಮ್ಮಾ, ಛಂದ ಅದ. ಖರೆ, ನಾ ಸಂತಿಗಿ ಹೋದ್ರ ಮನ್ಯಾಗ ಯಾರೂ ಇರಲ್ಲ. ಇದಕ್ಕ ನೀರ್ ಯಾರ್ ಹಾಕ್ತಾರ?"

ನಮಗೆ ಉತ್ತರ ಸಿದ್ಧವಿತ್ತು. ಸಣ್ಣ ಸೋಲಾರ್ ಪ್ಲೇಟ್, ಒಂದು ಪುಟ್ಟ ಮೋಟಾರ್, ಟೈಮರ್, ಗೂಡಿನ ಸುತ್ತ ಡ್ರಿಪ್ ಪೈಪ್. ಒಂದು ತಿಂಗಳು ಬಹಳ ಚೆನ್ನಾಗಿ ನಡೆಯಿತು. ಆಮೇಲೆ ಬೋರಿನ ಉಪ್ಪು ನೀರಿಗೆ ಡ್ರಿಪ್ಪಿನ ಬಾಯಿ ಒಂದೊಂದೇ ಕಟ್ಟಿತು. ಅದಾದ ಮೇಲೆ ಟೈಮರ್ ಹೋಯಿತು. ಕೊಟ್ಟ ಅಂಗಡಿಯವರು ಆ ಪಾರ್ಟ್ ಈಗ ಬರುತ್ತಿಲ್ಲ ಅಂದರು. ಪಾರ್ಟಿನ ಬೆಲೆಗಿಂತ ಅದನ್ನು ಹುಡುಕಲು ಓಡಾಡಿದ ಬಸ್ ಚಾರ್ಜು, ಕೆಲಸ ಬಿಟ್ಟ ದಿನಗಳ ಲೆಕ್ಕ ಜಾಸ್ತಿ ಆಯಿತು. ಅಷ್ಟರಲ್ಲಿ ಅಕ್ಕ ಚರಿಗೆಯಲ್ಲಿ ನೀರು ಹಾಕೋದು ರೂಢಿ ಮಾಡಿಕೊಂಡಿದ್ದರು.

ಮೂರನೇ ಗೂಡಿನಲ್ಲಿ ಸೋಲಾರ್ ಇಲ್ಲ. ಮುಚ್ಚಳದ ಪಕ್ಕ ಎತ್ತರದಲ್ಲಿ ಒಂದು ಹಳೆಯ 20 ಲೀಟರ್ ಕ್ಯಾನ್. ಅದರಿಂದ ಉಸುಕಿನ ಮೇಲೆ ಸುತ್ತಲೂ ಮಲಗಿಸಿದ ಅರ್ಧ ಇಂಚಿನ ಪೈಪ್, ಪೈಪಿಗೆ ಗೇಣಿಗೊಂದು ಸಣ್ಣ ತೂತು. ಕ್ಯಾನಿನ ನಲ್ಲಿಯನ್ನು ಹನಿ ಹನಿಯಾಗಿ ಬೀಳುವಷ್ಟು ತಿರುಗಿಸಿ ಬೆಳಿಗ್ಗೆ ಹೋದರೆ ಸಂಜೆಯವರೆಗೆ ಉಸುಕು ಒಣಗಲ್ಲ. ತೂತು ಕಟ್ಟಿದರೆ ದಬ್ಬಣದಿಂದ ಚುಚ್ಚಿದರೆ ಮುಗಿಯಿತು. ದಬ್ಬಣ ಎಲ್ಲರ ಮನೆಯಲ್ಲೂ ಇರುತ್ತದೆ. ಮಾರ್ಚ್‌ನಲ್ಲಿ ದಿನಕ್ಕೆ ಒಂದು ಕೊಡ ಸಾಕಾಯಿತು, ಮೇ ತಿಂಗಳಲ್ಲಿ ಎರಡು.

ಒಂದು ಕೊಡ ಅಂತ ಬರೆಯೋದು ಸುಲಭ. ಅದನ್ನು ಹೊರುವ ತಲೆ ಯಾರದು ಅಂತ ಕೇಳಿಕೊಳ್ಳಲೇಬೇಕು. ನೀರಿಗೆ ಅರ್ಧ ಕಿಲೋಮೀಟರ್ ನಡೆಯುವ ಊರಾದರೆ ನಾನು ಈ ಗೂಡು ಕಟ್ಟಲು ಹೇಳುವುದಿಲ್ಲ. ಪಲ್ಯ ಉಳಿಸಲು ಹೋಗಿ ಮನೆಯ ಹೆಣ್ಣುಮಗುವಿನ ಮೇಲೆ ಇನ್ನೆರಡು ಕೊಡ ಹೊರಿಸಿದ ಹಾಗಾಗುತ್ತದೆ. ಅಕ್ಕಿ, ಪಲ್ಯ ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಬಹುದು, ಸಾಬೂನು ನೀರು ಬೇಡ. ಹಳ್ಳಿಯ ಶುದ್ಧ ನೀರಿನ ಘಟಕದಿಂದ ಹೊರಗೆ ಹರಿದುಹೋಗುವ ನೀರು ಪುಕ್ಕಟೆ ಸಿಗುತ್ತದೆ ಅಂತ ಆಸೆ ಆಗುತ್ತದೆ. ಆದರೆ ಅದರಲ್ಲಿ ಉಪ್ಪು ದುಪ್ಪಟ್ಟು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಇಟ್ಟಂಗಿಯಲ್ಲೇ ಉಳಿಯುತ್ತದೆ. ಬಿಳಿ ಪದರ ಕಟ್ಟಿ ಸಣ್ಣ ಸಣ್ಣ ರಂಧ್ರ ಮುಚ್ಚುತ್ತದೆ, ತಂಪು ಕಡಿಮೆಯಾಗುತ್ತಾ ಹೋಗುತ್ತದೆ. ಬೋರಿನ ನೀರಿಗೂ ಇದೇ ಕಾಟ, ಸ್ವಲ್ಪ ನಿಧಾನ ಅಷ್ಟೇ. ತಿಂಗಳಿಗೊಮ್ಮೆ ತೆಂಗಿನ ನಾರಿನಿಂದ ಹೊರಗೋಡೆ ತಿಕ್ಕಿ ತೊಳೆಯಿರಿ.

ಅಳೆದು ನೋಡಿ, ದುಡ್ಡಿನ ಲೆಕ್ಕವನ್ನೂ ಹಾಕಿ

ಒಂದೇ ಹೊಲದ, ಒಂದೇ ಸಂಜೆ ಕಿತ್ತ ಮೆಂತ್ಯ ಎರಡು ಕಿಲೋ ಹೊರಗೆ, ಎರಡು ಕಿಲೋ ಗೂಡಿನಲ್ಲಿ ಇಟ್ಟೆವು. ಮರುದಿನ ಬೆಳಿಗ್ಗೆ ತೂಗಿದಾಗ ಹೊರಗಿನದು 1.4 ಕಿಲೋ, ಒಳಗಿನದು 1.85. ಮಧ್ಯಾಹ್ನ ಹೊರಗೆ ನೆರಳಲ್ಲಿ 41 ಡಿಗ್ರಿ ಇದ್ದಾಗ ಗೂಡಿನ ಒಳಗೆ 28 ಇತ್ತು. ಒಳಗೆ ಮೆಂತ್ಯ ಮೂರನೇ ಬೆಳಿಗ್ಗೆವರೆಗೂ ಮಾರುವ ಹಾಗೆ ಇತ್ತು, ಟಮಾಟೆ ಒಂದು ವಾರ ತಡೆಯಿತು. ನೀವೂ ಹೀಗೇ ಜೋಡಿ ಇಟ್ಟು ತೂಗಿ. ಥರ್ಮಾಮೀಟರಿಗಿಂತ ತಕ್ಕಡಿಯ ಮಾತನ್ನು ಊರವರು ಬೇಗ ನಂಬುತ್ತಾರೆ, ಅವರು ಮಾರುವುದು ತೂಕವನ್ನೇ ಅಲ್ವಾ.

ಇನ್ನು ಖರ್ಚು. ಇಟ್ಟಂಗಿ, ಉಸುಕು, ಗೌಂಡಿಯ ಅರ್ಧ ದಿನದ ಕೂಲಿ, ಗೋಣಿತಟ್ಟು, ಪೈಪ್ ಎಲ್ಲ ಸೇರಿ ನಮಗೆ 3,400 ರೂಪಾಯಿ ಬೀಳಬೇಕಿತ್ತು. ಬಿದ್ದ ಗೋಡೆಯ ನೂರು ಹಳೆಯ ಇಟ್ಟಂಗಿ ಅಕ್ಕನ ಹಿತ್ತಲಲ್ಲೇ ಇದ್ದವು, ಹಾಗಾಗಿ 2,500ಕ್ಕೆ ಮುಗಿಯಿತು. ಸಂತೆಗೆ ಹೋದ ದಿನ ಅವರಿಗೆ ಸರಾಸರಿ 45 ರೂಪಾಯಿಯ ಮಾಲು ಹಾಳಾಗೋದು ಉಳಿಯಿತು. ಮಾರ್ಚಿನಿಂದ ಮೇವರೆಗೆ 60, 65 ಸಂತೆ ದಿನ. ಒಂದು ಬೇಸಿಗೆಯಲ್ಲಿ ಹಾಕಿದ ದುಡ್ಡು ವಾಪಸ್ ಬಂತು. ನಾನು ಈಗ ಇದನ್ನೇ ಗೆರೆ ಮಾಡಿಕೊಂಡಿದ್ದೇನೆ: ಒಂದು ಹಂಗಾಮಿನಲ್ಲಿ ದುಡ್ಡು ವಾಪಸ್ ಬರದ ಸಾಧನವನ್ನು ಸಣ್ಣ ರೈತರಿಗೆ, ಮಾರುವವರಿಗೆ ಕೊಳ್ಳಿ ಅನ್ನಬಾರದು. ಅವರ ಕೈಯಲ್ಲಿ ಎರಡನೇ ಹಂಗಾಮಿನವರೆಗೆ ಕಾಯುವ ದುಡ್ಡು ಇರುವುದಿಲ್ಲ.

ದುಡ್ಡು ಕೇಳುವ ಹೊತ್ತೂ ಡಿಸೈನಿನ ಭಾಗವೇ. ಮೇ ತಿಂಗಳಲ್ಲಿ ಹೋಗಿ 2,500 ಅಂದರೆ ಯಾರ ಹತ್ತಿರವೂ ಇರಲ್ಲ. ನಮ್ಮ ಕಡೆ ಮನೆಗೆ ಹಣ ಬರುವುದು ತೊಗರಿ ರಾಶಿ ಆಗಿ ಮಾರಿದ ಮೇಲೆ, ಜನವರಿ, ಫೆಬ್ರುವರಿಯಲ್ಲಿ. ಗೂಡಿನ ಮಾತು ಆಗ ತೆಗೆಯಿರಿ. ಕಟ್ಟಲು ಫೆಬ್ರುವರಿ ಸರಿಯಾದ ಸಮಯ, ಬೇಸಿಗೆ ಶುರುವಾಗುವ ಹೊತ್ತಿಗೆ ಗೂಡು ತೋಯ್ದು ಸಿದ್ಧವಾಗಿರುತ್ತದೆ. ಸಂಘದ ಸಾಲದಿಂದ ಕಟ್ಟುವವರಿಗೂ ಅದೇ ಸಮಯ ಅನುಕೂಲ. ಪೂರ್ತಿ ಪುಕ್ಕಟೆ ಕೊಡಬೇಡಿ ಅಂತ ನನ್ನ ಅನಿಸಿಕೆ. ದುಡ್ಡು ಆಗದಿದ್ದರೆ ಉಸುಕು ತರಲಿ, ಮಣ್ಣು ಕಲಸಲಿ, ಇಟ್ಟಂಗಿ ಕೊಡಲಿ. ತನ್ನ ಕೈ ಬಿದ್ದ ಗೂಡನ್ನು ಮನುಷ್ಯ ನೋಡಿಕೊಳ್ಳುತ್ತಾನೆ, ಹೇಗೆ ಕಟ್ಟಿದ್ದು ಅಂತಲೂ ಗೊತ್ತಿರುತ್ತದೆ.

ಕೆಟ್ಟರೆ ಏನು ಅಂತ ಮೊದಲೇ ಬರೆಯಿರಿ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಕೆಲಸ. ಒಂದು ಹಾಳೆ ತೆಗೆದುಕೊಂಡು ಸಾಧನದ ಒಂದೊಂದು ಭಾಗ ಬರೆಯಿರಿ. ಪಕ್ಕದಲ್ಲಿ ಅದು ಹೇಗೆ ಕೆಡುತ್ತದೆ, ಯಾರು ಸರಿ ಮಾಡುತ್ತಾರೆ, ಸಾಮಾನು ಯಾವ ಊರಿನಲ್ಲಿ ಸಿಗುತ್ತದೆ, ಹೋಗಿ ಬರಲು ಬಸ್ಸಿಗೆ ಎಷ್ಟು. ಬಸ್ ಹತ್ತಬೇಕಾದ ಭಾಗ ಎಷ್ಟಿವೆ ಎಣಿಸಿ. ನಮ್ಮ ಎರಡನೇ ಗೂಡಿನಲ್ಲಿ ಅಂಥವು ನಾಲ್ಕು ಇದ್ದವು. ಮೂರನೆಯದರಲ್ಲಿ ಒಂದೂ ಇಲ್ಲ.

ಈ ಪಾಠವನ್ನು ನಮ್ಮ ನೆರೆಯವರೇ ದೇಶಕ್ಕೆ ಕಲಿಸಿದ್ದಾರೆ. ನಮ್ಮ ಕಡೆ ಬೋರಿಂಗ್ ಅಂತ ಕರೆಯುವ ಕೈಪಂಪನ್ನೇ ತೆಗೆದುಕೊಳ್ಳಿ. 1970ರ ದಶಕದಲ್ಲಿ ಹಳ್ಳಿಗಳಿಗೆ ಹಾಕಿದ್ದ ಬೀಡು ಕಬ್ಬಿಣದ ಪಂಪುಗಳಲ್ಲಿ ಬಹುಪಾಲು ಕೆಟ್ಟು ನಿಂತಿದ್ದವು. ಅವು ಒಂದು ಮನೆಯವರ ಬಳಕೆಗೆ ಮಾಡಿದ ವಿದೇಶಿ ಪಂಪಿನ ನಕಲುಗಳು. ಇಲ್ಲಿ ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಹೊಡೆಯುತ್ತಿತ್ತು. ನಮ್ಮಿಂದ ರೈಲಿನಲ್ಲಿ ಎರಡು ತಾಸಿನ ದಾರಿಯ ಸೋಲಾಪುರದಲ್ಲಿ ಬೇರೆಯದೇ ಒಂದು ಗಟ್ಟಿ ಉಕ್ಕಿನ ಪಂಪ್ ತಯಾರಾಗಿತ್ತು, ಚೈನ್ ಎಳೆಯುವಂಥದ್ದು. ಅದನ್ನು ಆಧಾರ ಮಾಡಿಕೊಂಡು ಯುನಿಸೆಫ್ ಮತ್ತು ಭಾರತ ಸರ್ಕಾರ ಸೇರಿ ಇಂಡಿಯಾ ಮಾರ್ಕ್ 2 ಮಾಡಿಸಿದರು. ಲಕ್ಷಗಟ್ಟಲೆ ಹಳ್ಳಿಗಳಿಗೆ ಅದು ನೀರು ಕೊಟ್ಟಿತು. ಆದರೂ ಅದರಲ್ಲೊಂದು ತೊಂದರೆ ಉಳಿದಿತ್ತು. ಕೆಳಗಿನ ಒಂದು ಸಣ್ಣ ವಾಷರ್ ಸವೆದರೆ ಎಲ್ಲ ಪೈಪನ್ನೂ ಮೇಲೆ ಎಳೆಯಬೇಕು, ಅದಕ್ಕೆ ಗಾಡಿ ಬೇಕು, ಜನ ಬೇಕು, ವಿಶೇಷ ಉಪಕರಣ ಬೇಕು. ಆ ಗಾಡಿ ಬರುವವರೆಗೆ ಊರು ಕಾಯಬೇಕು. ಮುಂದೆ ಬಂದ ಮಾರ್ಕ್ 3ರಲ್ಲಿ ಪೈಪನ್ನು ಎರಡೂವರೆ ಇಂಚಿಗೆ ಅಗಲ ಮಾಡಿದರು. ಪೈಪ್ ಇದ್ದಲ್ಲೇ ಇದ್ದು ಒಳಗಿನ ಪಿಸ್ಟನ್ ಮಾತ್ರ ಮೇಲಿನಿಂದ ಎಳೆದುಕೊಳ್ಳಬಹುದು, ಊರಿನವರೇ ವಾಷರ್ ಹಾಕಬಹುದು. ಅಗಲದ ಪೈಪಿಗೆ ಕೊಳ್ಳುವಾಗ ಹಣ ಜಾಸ್ತಿ, ಆದರೆ ಕೆಟ್ಟ ದಿನ ಉಳಿತಾಯ.

ಇನ್ನೂ ಹಿಂದೆ ಹೋಗಬೇಕು ಅಂದರೆ ಬೀದರಿನ ನೌಬಾದಿಗೆ ಹೋಗಿ ಸುರಂಗ ಬಾವಿ ನೋಡಿ ಬನ್ನಿ. ಬಹಮನಿ ಸುಲ್ತಾನರ ಕಾಲದ್ದು, 15ನೇ ಶತಮಾನದ್ದು. ಭೂಮಿಯ ಒಳಗೆ ಕೊರೆದ ಕಾಲುವೆ, ಇಳಿಜಾರಿನ ಮೇಲೇ ನೀರು ಹರಿಯುತ್ತದೆ. ಕಾಲುವೆಯ ಉದ್ದಕ್ಕೂ ಮೇಲಿನಿಂದ ಬಾವಿಗಳನ್ನು ತೋಡಿದ್ದಾರೆ. ಅವು ಗಾಳಿ ಬೆಳಕಿಗೂ ಹೌದು, ಹೂಳು ತುಂಬಿದರೆ ಇಳಿದು ತೆಗೆಯಲಿಕ್ಕೂ ಹೌದು. ಕಟ್ಟುವಾಗಲೇ ರಿಪೇರಿಗೆ ದಾರಿ ಬಿಟ್ಟು ಕಟ್ಟಿದ್ದಾರೆ.

ಏನು ಇಡಬೇಕು, ಏನು ಇಡಬಾರದು

ಮೆಂತ್ಯ, ಪುಂಡಿ, ರಾಜಗಿರಿ, ಕೊತ್ತಂಬರಿ, ಬದನೆ, ಬೆಂಡೆ, ಸೌತೆ, ಹಸಿಮೆಣಸಿನಕಾಯಿ ಇವಕ್ಕೆಲ್ಲ ಗೂಡು ಒಳ್ಳೆಯದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಡಬೇಡಿ, ಅವಕ್ಕೆ ಒಣ ಗಾಳಿ ಬೇಕು, ಇಲ್ಲಿ ಮೊಳಕೆ ಬರುತ್ತವೆ, ಕೊಳೆಯುತ್ತವೆ. ಹಣ್ಣಾದ ಬಾಳೆಯನ್ನು ಪಲ್ಯದ ಜೊತೆ ಇಡಬೇಡಿ. ಕಮಲಾಪುರದ ಕೆಂಪು ಬಾಳೆ ಇರಲಿ, ಯಾವುದೇ ಇರಲಿ, ಹಣ್ಣಾಗುವಾಗ ಅದರಿಂದ ಹೊರಡುವ ಗಾಳಿಗೆ ಸೊಪ್ಪು ಹಳದಿಯಾಗುತ್ತದೆ. ಹಾಲು, ಮಾಂಸ, ಔಷಧಿ ಇದರ ಮೇಲೆ ಬಿಡಬೇಡಿ, ಅಷ್ಟು ತಂಪು ಇದಕ್ಕಿಲ್ಲ. ಒಳಗಿನ ಗೋಡೆಗೆ ನೀರು ತಾಗಿ ಪಲ್ಯ ನೆನೆಯದ ಹಾಗೆ ನೋಡಿಕೊಳ್ಳಿ, ಕ್ರೇಟಿನ ಕೆಳಗೆ ಎರಡು ತುಂಡು ಇಟ್ಟಂಗಿ ಇಟ್ಟರೆ ಸಾಕು.

ಅಂಗಳವೇ ಇಲ್ಲದವರಿಗೆ ಎರಡು ಗಡಿಗೆ ಸಾಕು. ದೊಡ್ಡದರೊಳಗೆ ಸಣ್ಣದು, ನಡುವೆ ಹಸಿ ಉಸುಕು, ಮೇಲೆ ಹಸಿ ಬಟ್ಟೆ. ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾಹ್ ಅಬ್ಬಾ ಇದನ್ನೇ ಅಲ್ಲಿನ ಉತ್ತರದ ಹಳ್ಳಿಗಳಲ್ಲಿ ಹರಡಿ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ದಿನಾ ತರಕಾರಿ ಮಾರಲು ಹೋಗಬೇಕಾಗಿದ್ದ ಹೆಣ್ಣುಮಕ್ಕಳಿಗೆ ಅದರಿಂದ ಶಾಲೆಗೆ ಹೋಗಲು ಸಮಯ ಸಿಕ್ಕಿತು. ಬಣ್ಣ ಹಚ್ಚಿದ ಗಡಿಗೆ ಮಾತ್ರ ತರಬೇಡಿ, ಬಣ್ಣ ರಂಧ್ರ ಮುಚ್ಚುತ್ತದೆ. ಐದಾರು ಕಿಲೋ ಪಲ್ಯಕ್ಕೆ ಇದು ಧಾರಾಳ ಆಯಿತು.

ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮೇಲೆ ನೀರು ಹಾಕೋದು ನಿಲ್ಲಿಸಿ. ತೇವದ ಗಾಳಿಯಲ್ಲಿ ಗೂಡು ತಂಪು ಮಾಡಲ್ಲ, ಬೂಸಲು ಹಿಡಿಯುತ್ತದೆ. ಕ್ಯಾನ್, ಪೈಪ್ ಬಿಚ್ಚಿ ಒಳಗಿಡಿ, ಉಸುಕು ತೆಗೆದು ಚೀಲದಲ್ಲಿ ಕಟ್ಟಿ. ನಮ್ಮ ಅಕ್ಕ ಖಾಲಿ ಗೂಡಿನಲ್ಲಿ ಕೋಳಿ ಕಾವು ಕೂರಿಸುತ್ತಾರೆ. ಫೆಬ್ರುವರಿಯಲ್ಲಿ ಗೂಡು ತೊಳೆದು, ಉಸುಕನ್ನು ಎರಡು ನೀರು ತೊಳೆದು ಉಪ್ಪು ಬಿಡಿಸಿ ಮತ್ತೆ ತುಂಬಿ, ಸಡಿಲವಾದ ಇಟ್ಟಂಗಿ ಇದ್ದರೆ ಒಂದು ಮುಷ್ಟಿ ಕೆಂಪು ರಾಡಿ ಹಚ್ಚಿ ಕೂರಿಸಿ.